ಮನೆಯ ಆರ್.ಓ. ಯಂತ್ರದಲ್ಲಿ ನೀರು ಸಣ್ಣಗೆ ಬರುವುದೇಕೆ?

ನಮ್ಮ ರಾಜ್ಯದ ಬಯಲುಸೀಮೆಯ ಅನೇಕ ತಾಲ್ಲೂಕುಗಳಲ್ಲಿ ಕುಡಿಯುವ ನೀರಿಗೆ ಕೊಳವೆ ಬಾವಿಯೇ ಆಧಾರ. ಬಾಗೇಪಲ್ಲಿ, ಪಾವಗಡ, ಮುಂಡರಗಿ ಮುಂತಾದ ಕಡೆಗಳಲ್ಲಿ ಈ ನೀರು ಗಡಸಾಗಿರುವುದಲ್ಲದೆ, ಅದರಲ್ಲಿ ಫ್ಲೋರೈಡ್ ಅಂಶವೂ ಮಿತಿ ಮೀರಿರುವುದು ಬಹುಕಾಲದಿಂದ ತಿಳಿದ ವಿಷಯ. ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಇರಬಹುದು. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆ ಕಟ್ಟುತ್ತದೆ. ದೊಡ್ಡವರ ಕೀಲು ಮತ್ತು ಬೆನ್ನು ಬಿಗಿಯುತ್ತವೆ. ನೀರನ್ನು ಎಷ್ಟು ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದಲೇ ಇಂತಹ ಹಳ್ಳಿಗಳಲ್ಲಿ ಸ್ವಲ್ಪ ಅನುಕೂಲವಿರುವ ಮನೆಯವರು ಅಡುಗೆಮನೆಯ ಗೋಡೆಗೆ ಆರ್.ಓ. ಯಂತ್ರವನ್ನು ಹಾಕಿಸಿಕೊಂಡಿದ್ದಾರೆ.

ಯಂತ್ರ ತಂದ ಮೊದಲ ವರ್ಷ ತೊಂದರೆಯಿಲ್ಲ. ಆಮೇಲೆ ಒಂದು ದಿನ ನೀರು ಸಣ್ಣಗಾಗುತ್ತದೆ. ಗಂಟೆಯೊಳಗೆ ತುಂಬುತ್ತಿದ್ದ ತೊಟ್ಟಿಗೆ ಅರ್ಧ ದಿನ ಬೇಕಾಗುತ್ತದೆ. ಆಗ ಮನೆಯವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದು ಕಂಡುಬರುತ್ತದೆ. ಬೇಸರಪಟ್ಟು ಮತ್ತೆ ಕೊಳವೆ ಬಾವಿಯ ನೀರನ್ನೇ ಕುಡಿಯಲು ತೊಡಗುವುದು ಒಂದು. ರಿಪೇರಿಯವನನ್ನು ಕರೆಸಿ "ಹೇಗಾದರೂ ಮಾಡಿ ನೀರು ಜೋರಾಗಿ ಬರುವ ಹಾಗೆ ಮಾಡಪ್ಪ" ಎನ್ನುವುದು ಇನ್ನೊಂದು. ಈ ಎರಡನೆಯದರಲ್ಲಿರುವ ಅಪಾಯ ಬಹಳ ಮಂದಿಗೆ ತಿಳಿಯದು. ಸರಿಯಾಗಿ ಶೋಧಿಸಿ ನೀರನ್ನು ಹೆಚ್ಚಿಸಬಹುದು, ಶೋಧಿಸದೆಯೂ ಹೆಚ್ಚಿಸಬಹುದು. ನಲ್ಲಿಯಲ್ಲಿ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಯಂತ್ರಕ್ಕೆ ಒತ್ತಡವೇಕೆ ಬೇಕು?

ಚೌಳು ಭೂಮಿಯಲ್ಲಿ ತೇವ ಸಾಕಷ್ಟಿದ್ದರೂ ಪೈರು ಬಾಡಿ ನಿಲ್ಲುವುದನ್ನು ರೈತರು ನೋಡಿದ್ದಾರೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಂತೆ ಬೇರಿಗೆ ಆ ನೀರನ್ನು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ಲವಣವು ನೀರನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುವ ಈ ಶಕ್ತಿಗೆ ಪರಾಸರಣ ಒತ್ತಡ ಎಂದು ಹೆಸರು. ಆರ್.ಓ. ಯಂತ್ರದಲ್ಲಿ ಮಾಡುವುದು ಇದರ ವಿರುದ್ಧದ ಕೆಲಸ. ಲವಣದ ಹಿಡಿತಕ್ಕಿಂತ ಹೆಚ್ಚಿನ ಒತ್ತಡವನ್ನು ಹೊರಗಿನಿಂದ ಹಾಕಿ, ನೀರನ್ನು ಮಾತ್ರ ಅತಿ ತೆಳುವಾದ ಪೊರೆಯ ಮೂಲಕ ಆಚೆಗೆ ನೂಕಲಾಗುತ್ತದೆ. ಮೆಂಬ್ರೇನ್ ಎಂದು ಎಲ್ಲರೂ ಕರೆಯುವುದು ಈ ಪೊರೆಯನ್ನೇ. ಕೆಲಸಕ್ಕೆ ಬರುವಂತಹ ಪೊರೆಯನ್ನು 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ತಯಾರಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಅದೇ ರಾಜ್ಯದ ಕೊಲಿಂಗ ಎಂಬ ಊರಿನಲ್ಲಿ 1965ರಲ್ಲಿ ಈ ವಿಧಾನದ ಸ್ಥಾವರ ಊರಿಗೆ ಕುಡಿಯುವ ನೀರು ಕೊಡತೊಡಗಿತು. ಅಲ್ಲಿಯೂ ಇದ್ದ ತೊಂದರೆ ನಮ್ಮದೇ, ಉಪ್ಪು ನೀರು.

ಲೆಕ್ಕ ಸುಲಭವಾಗಿದೆ. ಲೀಟರಿಗೆ 100 ಮಿಲಿಗ್ರಾಂ ಲವಣಕ್ಕೆ ಚದರ ಅಂಗುಲಕ್ಕೆ ಸುಮಾರು 1 ಪೌಂಡು ಒತ್ತಡ ಬೇಕು. ಕರಗಿದ ಒಟ್ಟು ಲವಣ, ಅಂದರೆ ಟಿ.ಡಿ.ಎಸ್., 1500 ಮಿಲಿಗ್ರಾಂ ಇದ್ದರೆ 15 ಪೌಂಡು, ನಾವು ಹನಿ ನೀರಾವರಿಯಲ್ಲಿ ಹೇಳುವ ಅಳತೆಯಲ್ಲಿ ಸುಮಾರು 1 ಕಿಲೋ, ಬರಿಯ ಲವಣದ ಹಿಡಿತವನ್ನು ಬಿಡಿಸುವುದಕ್ಕೇ ಹೋಗುತ್ತದೆ. ಅದರ ಮೇಲೆ ಉಳಿದ ಒತ್ತಡ ಮಾತ್ರ ನೀರನ್ನು ಪೊರೆಯಿಂದ ದಾಟಿಸುತ್ತದೆ. ತಾರಸಿಯ ಮೇಲಿನ ಟ್ಯಾಂಕಿನಿಂದ ಅಡುಗೆಮನೆಗೆ ಇಳಿಯುವ ನೀರಿನ ಒತ್ತಡವಾದರೋ, 10 ಮೀಟರ್ ಎತ್ತರಕ್ಕೆ 1 ಕಿಲೋ ಲೆಕ್ಕದಲ್ಲಿ, 3 ಮೀಟರಿಗೆ 0.3 ಕಿಲೋ ಮಾತ್ರ. ಅದರಿಂದ ಒಂದು ತೊಟ್ಟೂ ದಾಟದು. ಆದುದರಿಂದ ನಮ್ಮ ಮನೆಗಳ ಯಂತ್ರಗಳಲ್ಲಿ 24 ವೋಲ್ಟಿನ ಒಂದು ಚಿಕ್ಕ ಪಂಪನ್ನು ಇಟ್ಟಿರುತ್ತಾರೆ. ಇದು ಒತ್ತಡವನ್ನು 4ರಿಂದ 5 ಕಿಲೋವರೆಗೆ ಏರಿಸುತ್ತದೆ. ಆ ಒತ್ತಡ ಎಲ್ಲಿ ಸೋರಿಹೋಗುತ್ತಿದೆ ಅಥವಾ ಎಲ್ಲಿ ತಡೆಯಲ್ಪಟ್ಟಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ನೀರು ಸಾಗುವ ಹಾದಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಮೊದಲು ಯಂತ್ರದ ಹೊರಗೆ ತೂಗುಹಾಕಿರುವ ಬೌಲ್. ಅದರೊಳಗೆ ಮಣ್ಣು, ತುಕ್ಕುಗಳನ್ನು ಹಿಡಿಯುವ ಬಿಳಿಯ ಕ್ಯಾಂಡಲ್. ಒಳಗೆ ಹೋದ ಮೇಲೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವು, ಇದ್ದಿಲಿನ ಫಿಲ್ಟರ್, ಇನ್ನೊಂದು ಸಣ್ಣ ಮಣ್ಣಿನ ಫಿಲ್ಟರ್, ಪಂಪು, ಕೊನೆಗೆ ಮೆಂಬ್ರೇನ್. ಕೆಲವು ಮಾದರಿಗಳಲ್ಲಿ ಇವುಗಳ ಅನುಕ್ರಮ ಸ್ವಲ್ಪ ಬೇರೆ ಇರುತ್ತದೆ. ಮೆಂಬ್ರೇನಿನಿಂದ ಎರಡು ಪೈಪುಗಳು ಹೊರಡುತ್ತವೆ. ಒಂದರಲ್ಲಿ ಶುದ್ಧ ನೀರು ತೊಟ್ಟಿಗೆ ಹೋಗುತ್ತದೆ. ಇನ್ನೊಂದರಲ್ಲಿ ಲವಣವನ್ನು ಹೊತ್ತ ತ್ಯಾಜ್ಯ ನೀರು ಬಚ್ಚಲಿಗೆ ಹೋಗುತ್ತದೆ. ಈ ತ್ಯಾಜ್ಯದ ಪೈಪಿನಲ್ಲಿ ಬೆರಳುದ್ದದ ಒಂದು ಬಿಳಿಯ ತುಣುಕು ಇದೆ, ರಿಪೇರಿಯವರು ಎಫ್.ಆರ್. ಎನ್ನುವುದು ಇದನ್ನೇ. ಅದರೊಳಗಿನ ಕಿರಿದಾದ ರಂಧ್ರವು ತ್ಯಾಜ್ಯವನ್ನು ತಡೆದು ನಿಲ್ಲಿಸುವುದರಿಂದಲೇ ಮೆಂಬ್ರೇನಿನೊಳಗೆ ಒತ್ತಡ ನಿಲ್ಲುತ್ತದೆ. ನೋಡಲು ಅಲ್ಪವಾದರೂ ಕಾಲುವೆಯ ತೂಬಿದ್ದಂತೆ ಇಡೀ ಯಂತ್ರದ ಕೆಲಸ ಅದರ ಮೇಲಿದೆ.

ಮೊದಲು ಅಳತೆ, ಆಮೇಲೆ ರಿಪೇರಿ

ಹನಿ ನೀರಾವರಿ ಇರುವ ರೈತರಿಗೆ ಈ ಪದ್ಧತಿ ಹೊಸದಲ್ಲ. ಸಾಲಿನ ಕೊನೆಯ ಡ್ರಿಪ್ಪರಿನ ಕೆಳಗೆ ಡಬ್ಬಿ ಇಟ್ಟು, ಗಡಿಯಾರ ನೋಡಿ, ಎಷ್ಟು ನೀರು ಬಂತೆಂದು ಅಳೆಯುತ್ತೇವೆ. ಫಿಲ್ಟರಿನ ಹಿಂದೆ ಮುಂದೆ ಇರುವ ಎರಡು ಒತ್ತಡಮಾಪಕಗಳ ವ್ಯತ್ಯಾಸ ನೋಡಿ ಜಾಲರಿ ತೊಳೆಯುವ ಕಾಲ ಬಂತೆಂದು ತಿಳಿಯುತ್ತೇವೆ. ಎರಡೆಕರೆ ಟೊಮೇಟೊಗೆ ಇಷ್ಟು ಎಚ್ಚರ ವಹಿಸುವವರು ಮನೆಯ ಮಕ್ಕಳು ಕುಡಿಯುವ ನೀರಿನ ಯಂತ್ರವನ್ನು ಮಾತ್ರ ಕಿವಿಯಿಂದಲೂ ಊಹೆಯಿಂದಲೂ ಪರೀಕ್ಷಿಸುವುದು ವಿಚಿತ್ರವೇ ಸರಿ.

ಬೇಕಾದ ಸಾಮಗ್ರಿ ಇಷ್ಟೇ: ಔಷಧಿ ಅಳೆಯುವ ಒಂದು ಲೀಟರಿನ ಗುರುತುಳ್ಳ ಜಗ್ಗು (ಕೀಟನಾಶಕಕ್ಕೆ ಬಳಸಿದ್ದಾಗಿರಕೂಡದು), ಸೆಕೆಂಡು ತೋರಿಸುವ ಗಡಿಯಾರ, ಮತ್ತು ಸಾಧ್ಯವಿದ್ದರೆ ಒಂದು ಟಿ.ಡಿ.ಎಸ್. ಮೀಟರ್.

ಯಂತ್ರದ ಮೆಂಬ್ರೇನಿನ ಮೇಲೆ ಸಾಮಾನ್ಯವಾಗಿ 75 ಅಥವಾ 80 ಎಂಬ ಅಂಕಿ ಇರುತ್ತದೆ. ಇದು ದಿನಕ್ಕೆ ಇಷ್ಟು ಅಮೆರಿಕನ್ ಗ್ಯಾಲನ್ ಎಂಬ ಲೆಕ್ಕ. ಒಂದು ಗ್ಯಾಲನ್ನಿಗೆ 3.785 ಲೀಟರಿನಂತೆ 75 ಗ್ಯಾಲನ್ ಎಂದರೆ ಗಂಟೆಗೆ ಸುಮಾರು 12 ಲೀಟರ್, ನಿಮಿಷಕ್ಕೆ ಸುಮಾರು 200 ಮಿಲಿಲೀಟರ್. ಇದು ಲವಣ ಕಡಿಮೆಯಿರುವ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾರ್ಖಾನೆಯವರು ಕಂಡುಕೊಂಡ ಅಳತೆ. ನಮ್ಮ ಗಡಸು ನೀರಿನಲ್ಲಿ ಅಷ್ಟು ಬಾರದು. ಹೊಸ ಮೆಂಬ್ರೇನಿಗೂ ಗಂಟೆಗೆ 8ರಿಂದ 10 ಲೀಟರ್ ಬಂದರೆ ತೃಪ್ತಿಪಡಬಹುದು. ತ್ಯಾಜ್ಯ ನೀರು ಇದರ ಸುಮಾರು ಮೂರರಷ್ಟು, ಎಂದರೆ ನಿಮಿಷಕ್ಕೆ ಅರ್ಧ ಲೀಟರಿನ ಆಚೀಚೆ ಇರುತ್ತದೆ.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಯಂತ್ರ ಚಾಲೂ ಮಾಡಿ, ಒಂದು ಗಂಟೆಯಲ್ಲಿ ಎಷ್ಟು ಲೀಟರ್ ಶುದ್ಧ ನೀರು ಸೇರಿತೆಂದು ಅಳೆಯಿರಿ. ಅದೇ ಹೊತ್ತಿನಲ್ಲಿ ತ್ಯಾಜ್ಯದ ಪೈಪನ್ನು ಜಗ್ಗಿಗೆ ಹಿಡಿದು ಒಂದು ನಿಮಿಷದ ನೀರನ್ನು ಅಳೆಯಿರಿ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದರೆ ದೋಷ ಮೆಂಬ್ರೇನಿನ ಹಿಂದಿದೆಯೋ, ಮೆಂಬ್ರೇನಿನಲ್ಲೇ ಇದೆಯೋ, ಮುಂದಿದೆಯೋ ಎಂಬುದು ಬಹುಪಾಲು ತಿಳಿದುಬಿಡುತ್ತದೆ. ಶುದ್ಧ ನೀರನ್ನು ಮಾತ್ರ ನೋಡಿ ಮೆಂಬ್ರೇನ್ ಬದಲಾಯಿಸಿದವರು ಸಾವಿರದಿಂದ ಎರಡು ಸಾವಿರ ರೂಪಾಯಿ ಖರ್ಚು ಮಾಡಿಯೂ ಮೊದಲಿದ್ದಲ್ಲೇ ಇರುವ ಸಂಭವ ಹೆಚ್ಚು.

ಎರಡೂ ಕಡಿಮೆಯಾಗಿದ್ದರೆ

ಶುದ್ಧ ನೀರೂ ಕಡಿಮೆ, ತ್ಯಾಜ್ಯವೂ ಕಡಿಮೆ ಎಂದಾದರೆ ಮೆಂಬ್ರೇನಿಗೆ ನೀರೇ ತಲುಪುತ್ತಿಲ್ಲವೆಂದು ತಿಳಿಯಬೇಕು. ಹಳ್ಳಿಯ ಮನೆಗಳಲ್ಲಿ ಅತಿ ಸಾಮಾನ್ಯವಾದ ದೋಷ ಇದೇ, ಅತಿ ಅಗ್ಗವಾದ ಪರಿಹಾರವೂ ಇದರದೇ.

ಮೊದಲು ಹೊರಗಿನ ಬೌಲನ್ನು ನೋಡಿ. ಕ್ಯಾಂಡಲ್ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಜಾರುವಂತಿದ್ದರೆ ಅದರ ಆಯುಸ್ಸು ಮುಗಿಯಿತು. ಕೊಳವೆ ಬಾವಿಯ ನೀರಿನಲ್ಲಿ ಕಬ್ಬಿಣವಿದ್ದರೆ ಮೂರು ತಿಂಗಳೂ ಬಾಳದು. ಕೆಲವರು ಇದನ್ನು ಬಟ್ಟೆ ಒಗೆಯುವ ಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕುತ್ತಾರೆ. ಮೇಲಿನ ಕೆಸರು ಹೋಗುತ್ತದೆ. ಒಳಗೆ ಸೇರಿದ ನಯವಾದ ಜೇಡಿ ಹೋಗುವುದಿಲ್ಲ. ಎಳೆಗಳು ಮಾತ್ರ ಸಡಿಲವಾಗುತ್ತವೆ. ನೂರಿನ್ನೂರು ರೂಪಾಯಿಯ ಕ್ಯಾಂಡಲನ್ನು ಉಳಿಸಲು ಹೋಗಿ ಮೆಂಬ್ರೇನನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ.

ಅನುಮಾನವಿದ್ದರೆ ಅಳೆದೇ ನೋಡಬಹುದು. ಯಂತ್ರದ ವಿದ್ಯುತ್ ತೆಗೆದು, ಬೌಲಿನಿಂದ ಯಂತ್ರಕ್ಕೆ ಹೋಗುವ ಪೈಪನ್ನು ಯಂತ್ರದ ಕಡೆ ಬಿಚ್ಚಿ, ಬಕೆಟ್ಟಿನಲ್ಲಿ ಒಂದು ನಿಮಿಷ ನೀರು ಹಿಡಿಯಿರಿ. ಯಂತ್ರಕ್ಕೆ ನಿಮಿಷಕ್ಕೆ ಶುದ್ಧ ನೀರು 200 ಮಿಲಿಲೀಟರ್, ತ್ಯಾಜ್ಯ 600 ಮಿಲಿಲೀಟರ್, ಒಟ್ಟು 800 ಬೇಕೆಂದಾದರೆ, ಈ ಪೈಪಿನಲ್ಲಿ ಒಂದು ಲೀಟರಿಗಿಂತ ಹೆಚ್ಚೇ ಬರಬೇಕು. ಬಾರದಿದ್ದರೆ ಕ್ಯಾಂಡಲನ್ನು ಹೊರತೆಗೆದು ಬರಿಯ ಬೌಲನ್ನು ತಿರುಗಿಸಿ ಮತ್ತೆ ಅಳೆಯಿರಿ. ಈಗ ನೀರು ಧಾರಾಳವಾಗಿ ಬಂದರೆ ದೋಷ ಕ್ಯಾಂಡಲಿನದು. ಈಗಲೂ ಬಾರದಿದ್ದರೆ ದೋಷ ಇನ್ನೂ ಹಿಂದಿದೆ: ಗೋಡೆಯ ನಲ್ಲಿಯ ವಾಲ್ವು ಅರ್ಧ ಮುಚ್ಚಿದೆ, ಟ್ಯಾಂಕಿನ ತಳದ ಹೂಳು ಪೈಪಿಗೆ ಇಳಿದಿದೆ, ಅಥವಾ ಟ್ಯಾಂಕು ಖಾಲಿಯಾಗಿ ತುಂಬಿದಾಗ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಕ್ಯಾಂಡಲಿಲ್ಲದೆ ಅಳೆಯುವಾಗ ಪೈಪು ಬಕೆಟ್ಟಿನಲ್ಲೇ ಇರಬೇಕು. ಯಂತ್ರಕ್ಕೆ ಜೋಡಿಸಿ ನೋಡತಕ್ಕದ್ದಲ್ಲ.

ಬೌಲಿನವರೆಗೆ ನೀರು ಸರಿಯಾಗಿದ್ದರೆ ಒಳಗಿನ ಇದ್ದಿಲಿನ ಫಿಲ್ಟರ್ ಮತ್ತು ಸಣ್ಣ ಮಣ್ಣಿನ ಫಿಲ್ಟರುಗಳನ್ನು ಇದೇ ರೀತಿ ಒಂದೊಂದಾಗಿ ಪರೀಕ್ಷಿಸಬೇಕು. ಅವೂ ಸರಿಯಿದ್ದರೆ ಉಳಿದದ್ದು ಪಂಪು. ಪಂಪಿನ ಒಳಗೆ ರಬ್ಬರಿನ ಪಟಲವೊಂದು ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಹಳತಾಗಿ ಸಡಿಲವಾದಾಗ ಶಬ್ದ ಮೊದಲಿನಂತೆಯೇ ಬಂದರೂ ಒತ್ತಡ ಏರುವುದಿಲ್ಲ. ಆದರೆ ಪಂಪನ್ನು ದೂರುವ ಮೊದಲು ಅದಕ್ಕೆ ವಿದ್ಯುತ್ ಕೊಡುವ ಅಡಾಪ್ಟರನ್ನು ನೋಡಬೇಕು. ಹಳ್ಳಿಯ ಏರಿಳಿತದ ವಿದ್ಯುತ್ತಿನಲ್ಲಿ ಪಂಪಿಗಿಂತ ಮೊದಲು ಸೋಲುವುದು ಅಡಾಪ್ಟರೇ. ಪಂಪು ಓಡುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ನೋಡಿದರೆ 24 ವೋಲ್ಟಿನ ಆಸುಪಾಸು ಇರಬೇಕು. ಪಂಪು ನಿಂತಾಗ 24 ತೋರಿಸಿ, ಓಡುವಾಗ 18ಕ್ಕೋ 20ಕ್ಕೋ ಇಳಿದರೆ ಅಡಾಪ್ಟರ್ ಬದಲಾಯಿಸಬೇಕು. ಈ ಪರೀಕ್ಷೆಯನ್ನು ವಿದ್ಯುತ್ ಕೆಲಸ ಬಲ್ಲವರೇ, ಒಣಗಿದ ಕೈಯಲ್ಲಿ ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹನಿ ನೀರಾವರಿಯ ಒತ್ತಡಮಾಪಕ ಮನೆಯಲ್ಲಿದ್ದರೆ ಸೂಕ್ತವಾದ ಕನೆಕ್ಟರ್ ಹಾಕಿ ಪಂಪು ಮತ್ತು ಮೆಂಬ್ರೇನಿನ ನಡುವೆ ಕೂರಿಸಬಹುದು. 4 ಕಿಲೋ ಮೀರಿ ತೋರಿಸಿದರೆ ಪಂಪಿನ ಮೇಲೆ ಸಂಶಯ ಬೇಡ. ಕ್ಷೇತ್ರ ಸಹಾಯಕರು ಇಂತಹ ಒಂದು ಮಾಪಕವನ್ನು ತಮ್ಮ ಚೀಲದಲ್ಲಿ ಇಟ್ಟುಕೊಂಡರೆ ಊರಿನಲ್ಲಿ ಹತ್ತು ಮನೆಗಳಿಗೆ ಉಪಕಾರವಾಗುತ್ತದೆ.

ತ್ಯಾಜ್ಯ ಹೆಚ್ಚು, ಅಥವಾ ತ್ಯಾಜ್ಯವೇ ಇಲ್ಲ

ಶುದ್ಧ ನೀರು ತೊಟ್ಟಿಕ್ಕುತ್ತಿದ್ದು ತ್ಯಾಜ್ಯ ಮಾತ್ರ ಧೋ ಎಂದು ಸುರಿಯುತ್ತಿದ್ದರೆ ಎಫ್.ಆರ್. ತುಣುಕು ಸವೆದಿದೆ ಅಥವಾ ಯಾರೋ ಅದನ್ನು ತೆಗೆದು ಬರಿಯ ಪೈಪು ಜೋಡಿಸಿದ್ದಾರೆ. ತೂಬು ತೆರೆದ ಕೆರೆಯಲ್ಲಿ ನೀರು ನಿಲ್ಲದಂತೆ ಮೆಂಬ್ರೇನಿನಲ್ಲಿ ಒತ್ತಡ ನಿಲ್ಲುವುದಿಲ್ಲ. ತುಣುಕಿನ ಮೇಲೆ 300, 450 ಎಂದು ನಿಮಿಷಕ್ಕೆ ಮಿಲಿಲೀಟರಿನ ಅಂಕಿ ಇರುತ್ತದೆ. ಹಳೆಯದರಲ್ಲಿದ್ದ ಅಂಕಿಯನ್ನೇ ನೋಡಿ ಹೊಸದನ್ನು ತರಬೇಕು.

ಇದಕ್ಕೆ ಪ್ರತಿಯಾಗಿ ತ್ಯಾಜ್ಯ ಪೂರ್ತಿ ನಿಂತಿದ್ದರೆ ಇನ್ನೂ ಕೆಟ್ಟದ್ದು. ತುಣುಕಿನ ರಂಧ್ರದಲ್ಲಿ ಸುಣ್ಣ ಕಟ್ಟಿರಬಹುದು. ಪರೀಕ್ಷೆಗಾಗಿ ತುಣುಕಿನ ಹಿಂದಿನ ಪೈಪನ್ನು ಬಿಚ್ಚಿ ಅರೆ ನಿಮಿಷ ಯಂತ್ರ ಓಡಿಸಿದಾಗ ನೀರು ರಭಸದಿಂದ ಬಂದರೆ ದೋಷ ತುಣುಕಿನದೇ. ಇನ್ನು ಕೆಲವು ಮನೆಗಳಲ್ಲಿ ನೀರು ಪೋಲಾಗುತ್ತದೆಂದು ಮನೆಯವರೇ ತ್ಯಾಜ್ಯದ ಪೈಪನ್ನು ಮಡಿಚಿ ದಾರ ಕಟ್ಟಿರುವುದುಂಟು. ನೀರು ಉಳಿಸುವ ಆಸೆ ಒಳ್ಳೆಯದೇ. ಲೆಕ್ಕ ಮಾತ್ರ ತಪ್ಪು. 1200 ಮಿಲಿಗ್ರಾಂ ಲವಣದ ನಾಲ್ಕು ಲೀಟರ್ ನೀರಿನಿಂದ ಒಂದು ಲೀಟರ್ ಶುದ್ಧ ನೀರು ತೆಗೆದರೆ ಉಳಿದ ಮೂರು ಲೀಟರಿನಲ್ಲಿ ಲವಣ 1600 ಮಿಲಿಗ್ರಾಂ ಆಗುತ್ತದೆ. ಎರಡು ಲೀಟರ್ ತೆಗೆದರೆ ಉಳಿದ ಎರಡರಲ್ಲಿ ಅದು ಸುಮಾರು 2400 ಆಗುತ್ತದೆ. ಗಡಸು ನೀರಿನ ಸುಣ್ಣ ಅಷ್ಟು ಗಟ್ಟಿಯಾದಾಗ ಕರಗಿರಲಾರದೆ ಮೆಂಬ್ರೇನಿನ ಮೈಮೇಲೆ ಕಿಟ್ಟವಾಗಿ ಕೂರುತ್ತದೆ. ಎರಡು ವರ್ಷ ಬಾಳಬೇಕಾದ ಮೆಂಬ್ರೇನ್ ಕೆಲವೇ ತಿಂಗಳಲ್ಲಿ ಮುಚ್ಚಿಹೋಗುತ್ತದೆ.

ಶುದ್ಧ ನೀರು ಮಾತ್ರ ಕಡಿಮೆ, ತ್ಯಾಜ್ಯ ಸರಿಯಾಗಿದ್ದರೆ

ಈಗ ಮಾತ್ರ ಮೆಂಬ್ರೇನಿನ ಮೇಲೆ ಕಣ್ಣು ಹಾಕಬಹುದು. ಆದರೂ ಎರಡು ವಿಚಾರಗಳನ್ನು ಮೊದಲು ನೋಡಿಕೊಳ್ಳಬೇಕು.

ಮೊದಲನೆಯದು ಕಾಲ. ನೀರಿನ ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಮೆಂಬ್ರೇನ್ ದಾಟುವ ನೀರು ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. ಪುಷ್ಯ ಮಾಸದ ಬೆಳಗಿನ ಹೊತ್ತು ತಾರಸಿ ಟ್ಯಾಂಕಿನ ನೀರು 18 ಡಿಗ್ರಿಗೆ ಇಳಿದಿದ್ದರೆ, 25 ಡಿಗ್ರಿಯಲ್ಲಿ ಬರುತ್ತಿದ್ದ ನೀರಿನ ಐದನೆಯ ಒಂದು ಭಾಗ ತಾನಾಗಿಯೇ ಕಡಿಮೆಯಾಗಿರುತ್ತದೆ. ಇದಕ್ಕೆ ರಿಪೇರಿ ಬೇಡ. ಹಾಗೆಯೇ ಬೇಸಿಗೆಯಲ್ಲಿ ಅಂತರ್ಜಲ ಕುಸಿದು, ಅಥವಾ ಹೊಸದಾಗಿ ಆಳದ ಬಾವಿ ಕೊರೆಸಿ, ನೀರಿನ ಲವಣ 1000ದಿಂದ 2000ಕ್ಕೆ ಏರಿದ್ದರೆ ಒತ್ತಡದಲ್ಲಿ ಇನ್ನೂ 10 ಪೌಂಡು ಲವಣದ ಪಾಲಾಯಿತೆಂದು ತಿಳಿಯಬೇಕು. ಯಂತ್ರ ಅದೇ, ನೀರು ಬೇರೆ.

ಎರಡನೆಯದು, ಮೆಂಬ್ರೇನಿನ ಮುಂದಿರುವ ಭಾಗಗಳು. ಶುದ್ಧ ನೀರಿನ ಹಾದಿಯಲ್ಲಿ ರುಚಿಗಾಗಿ ಇಟ್ಟಿರುವ ಇನ್ನೊಂದು ಇದ್ದಿಲಿನ ಫಿಲ್ಟರ್ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ. ಮೆಂಬ್ರೇನಿನ ಶುದ್ಧ ನೀರಿನ ಪೈಪನ್ನು ನೇರವಾಗಿ ಜಗ್ಗಿಗೆ ಬಿಟ್ಟಾಗ ನೀರು ಹೆಚ್ಚಿದರೆ ಬದಲಾಯಿಸಬೇಕಾದದ್ದು ಆ ಫಿಲ್ಟರನ್ನೇ.

ಇವೆರಡೂ ಅಲ್ಲವಾದರೆ ಮೆಂಬ್ರೇನ್ ಕಿಟ್ಟ ಕಟ್ಟಿದೆ. ಹೊರತೆಗೆದಾಗ ಎಂದಿಗಿಂತ ಭಾರವೆನಿಸಿದರೆ, ತುದಿಯಲ್ಲಿ ಬಿಳಿಯ ಪುಡಿ ಕೈಗೆ ಹತ್ತಿದರೆ ಅದು ಸುಣ್ಣ. ಕಂದು ಲೋಳೆಯಾದರೆ ಕಬ್ಬಿಣ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹನಿ ಪೈಪುಗಳಲ್ಲಿ ಕಟ್ಟಿದ ಸುಣ್ಣವನ್ನು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಕರಗಿಸುವುದನ್ನು ನಾವೇ ರೈತರಿಗೆ ಹೇಳಿಕೊಟ್ಟಿದ್ದೇವೆ. ಅದೇ ಉಪಾಯವನ್ನು ಮೆಂಬ್ರೇನಿಗೆ ಮಾಡತಕ್ಕದ್ದಲ್ಲ. ದೊಡ್ಡ ಸ್ಥಾವರಗಳಲ್ಲಿ ಆಮ್ಲತೆಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತ ತೊಳೆಯುವ ವ್ಯವಸ್ಥೆ ಇದೆ. ಮನೆಯಲ್ಲಿ ಅಂದಾಜಿನಿಂದ ಸುರಿದ ಆಮ್ಲ ಪೊರೆಯನ್ನು ಕೆಡಿಸುತ್ತದೆ, ಕುಡಿಯುವ ನೀರಿಗೂ ಸೇರುತ್ತದೆ. ಮನೆಯ ಮೆಂಬ್ರೇನ್ ಕಟ್ಟಿದರೆ ಹೊಸದನ್ನು ಹಾಕುವುದೇ ಸರಿ. ಹೊಸದು ಹಾಕಿದ ಮೇಲೆ ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಬೇಕು.

ಬಾವಿಗೋ ಟ್ಯಾಂಕಿಗೋ ಬ್ಲೀಚಿಂಗ್ ಪುಡಿ ಹಾಕಿದ ದಿನ ಯಂತ್ರವನ್ನು ನಿಲ್ಲಿಸಿಡಿ. ವಾಸನೆ ಹೋಗುವವರೆಗೆ ಬೇರೆ ನಲ್ಲಿಗಳಿಂದ ನೀರು ಬಿಟ್ಟುಬಿಡಿ. ಕ್ಲೋರಿನ್ ಪೊರೆಯನ್ನು ತಿನ್ನುತ್ತದೆ. ತಿಂದ ಪೊರೆಯಲ್ಲಿ ನೀರು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಜೊತೆಗೆ ಲವಣವೂ ದಾಟುತ್ತದೆ.

ಜೋರಾಗಿ ಬರುವ ನೀರಿನ ಅಪಾಯ

ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರರ ಮನೆಗೆ ಹಿಪ್ಪುನೇರಳೆ ತೋಟದ ಮಣ್ಣಿನ ವಿಚಾರವಾಗಿ ಹೋಗಿದ್ದಾಗ ಮನೆಯಾಕೆ ಕುಡಿಯಲು ನೀರು ಕೊಟ್ಟು, "ಹೋದ ತಿಂಗಳು ರಿಪೇರಿ ಮಾಡಿಸಿದ್ವಿ ಸಾರ್, ಈಗ ಐದು ನಿಮಿಷಕ್ಕೆ ಒಂದು ಬಿಂದಿಗೆ ತುಂಬ್ತದೆ. ರುಚೀನೂ ಮೊದಲಿಗಿಂತ ವಾಸಿ" ಎಂದರು. ಐದು ನಿಮಿಷಕ್ಕೆ ಬಿಂದಿಗೆ ತುಂಬುವ ಆರ್.ಓ. ಯಂತ್ರ ಮನೆಗಳಲ್ಲಿ ಇಲ್ಲ. ಯಂತ್ರದ ಮುಚ್ಚಳ ತೆಗೆಸಿ ನೋಡಿದಾಗ ಸಂಗತಿ ತಿಳಿಯಿತು. ಮೆಂಬ್ರೇನ್ ಮುಚ್ಚಿಹೋಗಿತ್ತು. ಅದನ್ನು ಬದಲಾಯಿಸದೆ, ಪಕ್ಕದಲ್ಲಿರುವ ಮಿಶ್ರಣದ ವಾಲ್ವನ್ನು ಪೂರ್ತಿ ತೆರೆದಿಟ್ಟು ಹೋಗಿದ್ದರು. ತೊಟ್ಟಿಗೆ ಬೀಳುತ್ತಿದ್ದುದು ಹೆಚ್ಚುಪಾಲು ಇದ್ದಿಲು ದಾಟಿ ಬಂದ ಬಾವಿಯ ನೀರೇ. ಆ ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು.

ಈ ಮಿಶ್ರಣದ ವಾಲ್ವನ್ನು ಟಿ.ಡಿ.ಎಸ್. ಕಂಟ್ರೋಲರ್ ಎಂದೂ ಕರೆಯುತ್ತಾರೆ. ಶುದ್ಧ ನೀರು ತೀರ ಸಪ್ಪೆ ಎನಿಸಿದಾಗ ಸ್ವಲ್ಪ ಮೂಲ ನೀರನ್ನು ಬೆರೆಸಿ ರುಚಿ ತರುವುದು ಇದರ ಉದ್ದೇಶ. ಫ್ಲೋರೈಡ್ ಇಲ್ಲದ ನೀರಿನಲ್ಲಿ ಇದರಿಂದ ಹಾನಿಯಿಲ್ಲ. ಫ್ಲೋರೈಡ್ ಇರುವ ಕಡೆ ಲೆಕ್ಕ ಹೀಗಾಗುತ್ತದೆ. ಬಾವಿಯ ನೀರಿನಲ್ಲಿ ಲವಣ 1200, ಫ್ಲೋರೈಡ್ 3 ಮಿಲಿಗ್ರಾಂ ಇದೆಯೆನ್ನೋಣ. ಮೆಂಬ್ರೇನ್ ದಾಟಿದ ನೀರಿನಲ್ಲಿ ಲವಣ 80, ಫ್ಲೋರೈಡ್ 0.3 ಎನ್ನೋಣ. ಕಾಲು ಭಾಗ ಮೂಲ ನೀರು ಬೆರೆಸಿದರೆ ಫ್ಲೋರೈಡ್ ಸುಮಾರು 1 ಮಿಲಿಗ್ರಾಂ ಆಗಿ ಮಿತಿಯ ಅಂಚಿಗೆ ಬರುತ್ತದೆ. ಅರ್ಧಕ್ಕರ್ಧ ಬೆರೆಸಿದರೆ 1.65ಕ್ಕೆ ಏರಿ, ಬೇರೆ ನೀರಿಲ್ಲದವರಿಗೆ ಇಟ್ಟಿರುವ ಮಿತಿಯನ್ನೂ ದಾಟುತ್ತದೆ. ಆಗ ಟಿ.ಡಿ.ಎಸ್. ಮೀಟರ್ ತೋರಿಸುವುದು 640. ನಾಲಿಗೆಗೆ ಸಿಹಿಯಾಗಿಯೇ ಇರುತ್ತದೆ, ಮೀಟರ್ ನೋಡಿದವರೂ "ಪರವಾಗಿಲ್ಲ" ಎನ್ನುತ್ತಾರೆ. ಏಕೆಂದರೆ ಮೀಟರ್ ಅಳೆಯುವುದು ಒಟ್ಟು ಲವಣವನ್ನು. ಅದರಲ್ಲಿ ಫ್ಲೋರೈಡ್ ಎಷ್ಟೆಂಬುದನ್ನು ಅದು ಹೇಳಲಾರದು.

ಆದುದರಿಂದ ರಿಪೇರಿಯ ನಂತರ ಮಾಡಬೇಕಾದ ಮೊದಲ ಕೆಲಸ ಮೂಲ ನೀರು, ಶುದ್ಧ ನೀರು ಎರಡನ್ನೂ ಮೀಟರಿನಲ್ಲಿ ನೋಡುವುದು. ಒಳ್ಳೆಯ ಮೆಂಬ್ರೇನ್ ಲವಣದ ಶೇಕಡಾ 90ರಷ್ಟನ್ನಾದರೂ ತಡೆಯಬೇಕು. 1200 ಇದ್ದದ್ದು 120ರೊಳಗೆ ಬರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ವಾಲ್ವು ತೆರೆದಿದೆ ಅಥವಾ ಪೊರೆ ಹರಿದಿದೆ ಎಂದರ್ಥ. ಫ್ಲೋರೈಡ್ ಪ್ರದೇಶದಲ್ಲಿ ಈ ವಾಲ್ವನ್ನು ಮುಚ್ಚಿಯೇ ಇಡಬೇಕೆಂಬುದು ನನ್ನ ಅಭಿಪ್ರಾಯ. ಸಪ್ಪೆ ನೀರಿಗೆ ನಾಲಿಗೆ ಒಂದು ವಾರದಲ್ಲಿ ಒಗ್ಗುತ್ತದೆ. ಫ್ಲೋರೈಡನ್ನೇ ಅಳೆಯಿಸಬೇಕಾದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಎರಡೂ ನೀರಿನ ಮಾದರಿಯನ್ನು ಕೊಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಕ್ಷೇತ್ರ ಪರೀಕ್ಷೆಯ ಕಿಟ್ ಇದ್ದರೆ ಅಲ್ಲಿಯೂ ಅಂದಾಜು ತಿಳಿಯುತ್ತದೆ.

ತೊಟ್ಟಿ ತುಂಬಿದ್ದರೂ ನಲ್ಲಿ ಸಣ್ಣಗಿದ್ದರೆ

ಇದು ಬೇರೆಯೇ ವಿಷಯ, ಮೆಂಬ್ರೇನಿಗೆ ಸಂಬಂಧವಿಲ್ಲ. ಗೋಡೆಯ ಯಂತ್ರಗಳಲ್ಲಿ ತೊಟ್ಟಿಯ ನೀರು ತನ್ನ ಭಾರದಿಂದಲೇ ನಲ್ಲಿಗೆ ಇಳಿಯುತ್ತದೆ. ನಲ್ಲಿಯ ಬಾಯಿ ಅಥವಾ ತೊಟ್ಟಿಯ ತಳದ ತೂತನ್ನು ಶುಚಿ ಮಾಡಿದರೆ ಸರಿಹೋಗುತ್ತದೆ. ತೊಟ್ಟಿ ಅರ್ಧಕ್ಕೇ ನಿಂತು ಯಂತ್ರ ತಾನಾಗಿ ಆರಿಹೋಗುತ್ತಿದ್ದರೆ ಒಳಗಿನ ತೇಲುಬುರುಡೆ ಸಿಕ್ಕಿಕೊಂಡಿದೆ. ಪೇಟೆಯ ಕೆಲವು ಮನೆಗಳಲ್ಲಿ ಸಿಂಕಿನ ಕೆಳಗೆ ಗಾಳಿ ತುಂಬಿದ ಉಕ್ಕಿನ ತೊಟ್ಟಿಯಿರುವ ಯಂತ್ರಗಳಿವೆ. ಅವುಗಳಲ್ಲಿ ತೊಟ್ಟಿಯ ನೀರನ್ನೆಲ್ಲ ತೆಗೆದು ಗಾಳಿಯ ಒತ್ತಡ ನೋಡಬೇಕು. 7 ಪೌಂಡಿನಷ್ಟು ಇಲ್ಲದಿದ್ದರೆ ಸೈಕಲ್ ಪಂಪಿನಿಂದ ತುಂಬಿದರಾಯಿತು.

ತ್ಯಾಜ್ಯ ನೀರನ್ನು ಏನು ಮಾಡುವುದು?

ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ ಉಪಯೋಗಿಸಬಹುದು. ಕೈತೋಟಕ್ಕೆ ಬಿಡುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೇಲಿನ ಲೆಕ್ಕದ 1600 ಮಿಲಿಗ್ರಾಂ ಲವಣವೆಂದರೆ ವಿದ್ಯುತ್ ವಾಹಕತೆ ಸುಮಾರು 2.5 ಡೆಸಿಸೀಮನ್ಸ್, ನೀರಾವರಿ ನೀರಿನ ವರ್ಗೀಕರಣದಲ್ಲಿ ಇದು ಅತಿ ಹೆಚ್ಚು ಲವಣದ ವರ್ಗಕ್ಕೆ ಸೇರುತ್ತದೆ. ತೆಂಗು ಸಹಿಸಿಕೊಳ್ಳುತ್ತದೆ. ಹುರುಳಿಕಾಯಿ ಸಹಿಸುವುದಿಲ್ಲ, ಅದಕ್ಕೆ ಇಂತಹ ನೀರನ್ನು ಹಾಕಬಾರದು. ತೆಂಗಿನ ಪಾತಿಗೂ ದಿನವೂ ಒಂದೇ ಕಡೆ ಬಿಡದೆ ಜಾಗ ಬದಲಿಸುತ್ತಿರಬೇಕು, ಮಳೆಗಾಲದಲ್ಲಿ ಲವಣ ತೊಳೆದುಹೋಗುವಂತೆ ಪಾತಿಯ ಮಣ್ಣು ಸಡಿಲವಾಗಿರಬೇಕು. ಮೂಲ ನೀರಿನಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಇದ್ದರೆ ತ್ಯಾಜ್ಯದಲ್ಲಿ 4ರ ಹತ್ತಿರ ಇರುವುದರಿಂದ ಅದನ್ನು ದನಗಳ ಕಲಗಚ್ಚಿಗೆ ಬೆರೆಸಬಾರದು. ಜಾನುವಾರುಗಳಿಗೂ 2 ಮಿಲಿಗ್ರಾಂ ಮೀರಿದ ನೀರು ಒಳ್ಳೆಯದಲ್ಲ.

ಯಂತ್ರ ಕೆಟ್ಟು ಬಿಡಿಭಾಗ ಬರುವುದಕ್ಕೆ ನಾಲ್ಕೈದು ದಿನ ಹಿಡಿಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಆ ದಿನಗಳಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕುಡಿಯಲು ಮತ್ತು ಅಡುಗೆಗೆ ಆಗುವಷ್ಟು ನೀರು ತರಬೇಕು. ಅನ್ನ ಬೇಯಿಸುವ ನೀರಿನ ಫ್ಲೋರೈಡ್ ಅನ್ನದೊಳಗೇ ಉಳಿಯುವುದರಿಂದ ಕುಡಿಯುವ ನೀರೊಂದನ್ನೇ ತಂದರೆ ಸಾಲದು. ಘಟಕದ್ದೂ ಆರ್.ಓ. ಯಂತ್ರವೇ ಆದುದರಿಂದ ಮನೆಯ ಟಿ.ಡಿ.ಎಸ್. ಮೀಟರನ್ನು ಒಮ್ಮೆ ಅಲ್ಲಿಗೂ ತೆಗೆದುಕೊಂಡು ಹೋಗಿ ನೋಡಬಹುದು.